ಹೆಡ್ಲಿ ಬೇಡವೆಂದ ಎಂಜಿನ್

“ಎಡಗಾಲು ಮೊದಲು, ಮಹನೀಯರೇ,” ಎಂದು ಶವಸಂಸ್ಕಾರ ನಡೆಸುವವನು ಪಿಸುಗುಟ್ಟಿದ. ಹೆಗಲು ಕೊಟ್ಟ ಆರು ಜನರಲ್ಲಿ ಮೂವರು ಬಲಗಾಲು ಇಟ್ಟರು. ಪೆಟ್ಟಿಗೆ ಒಮ್ಮೆ ಮುಗ್ಗರಿಸಿತು. ಹಿಂದಿನ ಎಡಮೂಲೆಯಲ್ಲಿದ್ದ ಕ್ಲೈವ್‌ಗೆ, ಒಳಗಿನಿಂದ ಹೆಡ್ಲಿ “ಮೂರೇ ಸಿಲಿಂಡರಲ್ಲಿ ಓಡ್ತಿದೆ ಕಣ್ರೋ, ನಿಲ್ಸಿ ನೋಡಿ” ಎಂದ ಹಾಗೆ ಕೇಳಿತು. ನಗು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಮೂವತ್ಮೂರು ವರ್ಷಗಳಿಂದ ಹೆಡ್ಲಿಯ ವಿಷಯದಲ್ಲಿ ಅವನಿಗೆ ಹೀಗೇ ಆಗುತ್ತಿತ್ತು.

ಕೋಟಿನ ಒಳಜೇಬಿನಲ್ಲಿ ಒಂದು ಹಾಳೆ ಇತ್ತು. ಮಣ್ಣಾದ ಮೇಲೆ ಅವರ ಕಾರು ಕ್ಲಬ್ಬಿನಲ್ಲಿ ನಾಲ್ಕು ಮಾತಾಡು ಎಂದು ಹೆಡ್ಲಿಯ ಹೆಂಡತಿ ಗ್ಲೆನಿಸ್ ಕೇಳಿದ್ದಳು. ಕ್ಲೈವ್ ಮೂರು ದಿನ ಕೂತು ಬರೆದಿದ್ದ. ‘ಹೆಡ್ಲಿ ಟ್ರಾಂಟರ್ ನನಗೆ ಒಂದು ದಿನವೂ ಸುಳ್ಳು ಹೇಳಿದವನಲ್ಲ’ ಎಂಬ ಸಾಲನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿದ್ದ. ಈಗ ಅಲ್ಲಿ ಸಾಲಿಗಿಂತ ಗೀಟೇ ಹೆಚ್ಚಾಗಿತ್ತು.

ಪೆಟ್ಟಿಗೆಯ ಹಿಂದೆ ಗ್ಲೆನಿಸ್ ಬರುತ್ತಿದ್ದಳು. ಅವಳ ತೋಳು ಹಿಡಿದು ಬರುತ್ತಿದ್ದವನು ಎಂಬತ್ತೊಂದರ ಮರ್ವಿನ್ ಗಾಫ್. ಅವನಿಗೆ ಕಣ್ಣು ಮಂಜಾಗಿ ಜನರೆಲ್ಲ ನೆರಳುಗಳಾಗಿದ್ದರು. ಕಿವಿಯೂ ಮಂದವಾದ್ದರಿಂದ ಅವನ ಗುಟ್ಟಿನ ಮಾತು ಇಡೀ ಟಿಪ್ಟನ್ ಊರಿಗೆ ಕೇಳುತ್ತಿತ್ತು.

“ಹೆಡ್ಲಿ ಕಾರಲ್ಲಿರೋದು ನನ್ನ ಎಂಜಿನ್, ಗೊತ್ತಲ್ಲ? ಅಡುಗೆಮನೆ ಮೇಜಿನ ಮೇಲೆ ಕೂಡಿಸಿದ್ದು. ಮೂವತ್ಮೂರು ವರ್ಷ ಓಡ್ತು! ಅಗೋ, ಹೆಗಲು ಕೊಟ್ಟಿದಾನಲ್ಲ ಕ್ಲೈವು, ಅವನೇ ತಗೋಬೇಕಿತ್ತು. ಪಾಪ, ಹೆಡ್ಲಿ ಮಾತು ಕೇಳಿ ಬಿಟ್ಬಿಟ್ಟ!”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮಿಗೆ ಕಫದ ಸಂಬಂಧವೇನೂ ಇರಲಿಲ್ಲ. ಹೆಡ್ಲಿ ಗೆಳೆಯನಿಗೆ ಟೋಪಿ ಹಾಕಿದ ಕತೆ ಕ್ಲಬ್ಬಿನಲ್ಲಿ ಗೊತ್ತಿಲ್ಲದವರಿರಲಿಲ್ಲ.

*

ಅದು ಉಕ್ಕಿನ ಕಾರ್ಖಾನೆ ಮುಚ್ಚಿದ ಮರುವರ್ಷದ ಮಾರ್ಚಿ. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಪುಟ್ಟ ಓಟದ ಕಾರುಗಳ ಹುಚ್ಚು ಆ ಕಡೆಯ ಗಂಡಸರಿಗೆ ಜ್ವರದಂತೆ ಹಿಡಿದಿತ್ತು. ಅಂಥ ಕಾರನ್ನು ಎರಡನೇ ಕೈಯಿಂದ ಕೊಳ್ಳುವವರು ಹೆಡ್ಲಿಯನ್ನು ಕರೆದುಕೊಂಡು ಹೋಗದೆ ಕೊಳ್ಳುತ್ತಿರಲಿಲ್ಲ. ಮಗಳಿಗೆ ಗಂಡು ನೋಡಲು ಹಿರಿಯರನ್ನು ಕರೆದೊಯ್ಯುವ ಹಾಗೆ.

ಮರ್ವಿನ್ ಆಗ ಕೆಲಸ ಕಳೆದುಕೊಂಡು ಮೂರು ತಿಂಗಳಾಗಿತ್ತು. ಬಾಗಿಲಲ್ಲಿ ಅವನು ಕಟ್ಟಿದ ಹಳದಿ ಕಾರು ಮಾರಾಟಕ್ಕೆ ನಿಂತಿತ್ತು. ಹೆಡ್ಲಿಯನ್ನು ಕರೆದುಕೊಂಡು ಬಂದಿದ್ದ ಕ್ಲೈವ್ ಅದನ್ನು ನೋಡಿದ್ದೇ ಸೋತುಹೋದ. ಹೆಡ್ಲಿ ಬಣ್ಣ ನೋಡಲಿಲ್ಲ, ಚಕ್ರ ನೋಡಲಿಲ್ಲ. ಬಾನೆಟ್ ತೆಗೆಸಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟ.

“ಬಿಸಿ ಇದೆಯಲ್ಲ, ಮರ್ವಿನ್.”

“ಬೆಳಿಗ್ಗೆ ಹಾಲು ತರೋಕೆ ಹೋಗಿದ್ದೆ.”

“ಹಾಲು ಮನೆ ಬಾಗಿಲಿಗೇ ಬರುತ್ತಲ್ಲಯ್ಯಾ?”

ಮರ್ವಿನ್ ಮೆಟ್ಟಿಲ ಮೇಲಿದ್ದ ಎರಡು ಹಾಲಿನ ಬಾಟಲಿಗಳನ್ನು ಕಾಲಿನಿಂದ ಬಾಗಿಲ ಹಿಂದಕ್ಕೆ ಸರಿಸಿದ.

“ಚಹಾ ಮಾಡು. ಬಿಸಿ ಎಂಜಿನ್ನು ರೋಗ ಮುಚ್ಚಿಡತ್ತೆ. ತಣ್ಣಗಾಗ್ಲಿ. ಕಾಯ್ತೀವಿ,” ಎಂದ ಹೆಡ್ಲಿ.

ಎರಡು ಗಂಟೆ ಕಾದರು. ಮೂರು ಕೆಟಲ್ ಚಹಾ ಆಯಿತು. ಆಮೇಲೆ ಹೆಡ್ಲಿ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಕ್ಲೈವ್‌ನ ಮೂಗಿನ ಮುಂದೆ ಹಿಡಿದ. ಒಳಗೆ ಎಣ್ಣೆಯೊಂದಿಗೆ ನೀರು ಬೆರೆತು, ಕೆನೆಗಟ್ಟಿದ ಚಹಾದಂಥ ಲೋಳೆ. ಗಾಡಿ ಚಾಲೂ ಮಾಡಿಸಿದ. ರೇಡಿಯೇಟರಿನಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. ಅಂಗೈಯಗಲದ ಕನ್ನಡಿಯೊಂದನ್ನು ಎಂಜಿನ್ನಿನ ಸಂದಿಗೆ ಇಳಿಬಿಟ್ಟು, ಯಾವ ಗಾಡಿಯದೆಂದು ತಿಳಿಸುವ ಅಚ್ಚಿನ ಅಂಕಿಗಳನ್ನು ಉಲ್ಟಾ ಓದಿಕೊಂಡ.

“ಕೆಳಗಿನ ಬ್ಲಾಕು ಬ್ರೆಡ್ ಸಾಗಿಸೋ ವ್ಯಾನಿಂದು. ಮೇಲಿನ ಹೆಡ್ಡು ಜೋರಾಗಿ ಓಡೋ ಕಾರಿಂದು,” ಎಂದು ರಸ್ತೆಗೆ ಬಂದ ಮೇಲೆ ಕ್ಲೈವ್‌ಗೆ ಹೇಳಿದ. “ಬೆರಕೆ ಅಂತ ನಾನು ಬೇಡ ಅಂತಿಲ್ಲ ಕಣೋ. ಕೂಡಿಸೋ ಕೈ ಚೆನ್ನಾಗಿದ್ರೆ ಬೆರಕೆ ಎಂಜಿನ್ನು ಅಪ್ಪಟದ್ದಕ್ಕಿಂತ ಚೆನ್ನಾಗಿ ಓಡತ್ತೆ. ಇವೆರಡರ ನೀರಿನ ತೂತು ಒಂದಕ್ಕೊಂದು ಕೂಡ್ಬರಲ್ಲ. ಇವನು ಬೆಸುಗೆ ಹಾಕಿ ಮುಚ್ಚಿದಾನೆ, ಅಂಚಲ್ಲಿ ಕಾಣ್ತಿದೆ. ಒಂದು ಚಳಿಗಾಲ ತಡೆಯಲ್ಲ. ಬೇಡ.”

ಕ್ಲೈವ್ ಬಿಟ್ಟ. ಆ ಶನಿವಾರ ಪಬ್ಬಿನಲ್ಲಿ ಹೆಡ್ಲಿ ಬಾಯಿಯಲ್ಲೇ ಆ ಎಂಜಿನ್ ಓಡಿಸಿ ತೋರಿಸಿದ. ಗುರ್ರ್, ಗುಳಕ್, ಗುರ್ರ್, ಗುಳಕ್. ಇಡೀ ಪಬ್ಬು ಬಿದ್ದು ಬಿದ್ದು ನಕ್ಕಿತು. ಆಮೇಲೆ ಆ ಕಾರು ನೋಡಲು ಒಬ್ಬನೂ ಮರ್ವಿನ್ನನ ಬಾಗಿಲಿಗೆ ಹೋಗಲಿಲ್ಲ.

ಏಳು ವಾರದ ನಂತರ ಹಳದಿ ಕಾರು ಹೆಡ್ಲಿಯ ಮನೆ ಮುಂದೆ ನಿಂತಿತ್ತು.

“ಏನೋ ಇದು?” ಎಂದ ಕ್ಲೈವ್.

“ಮನಸ್ಸಾಯ್ತು ಕಣೋ, ತಗೊಂಡೆ,” ಎಂದು ಹೆಡ್ಲಿ ಬಾನೆಟ್ ಮುಚ್ಚಿದ.

ಒಂದು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಆಮೇಲೆ ಹವೆಯ ಬಗ್ಗೆ ಮಾತು ಶುರುವಾಯಿತು, ಆಮೇಲೆ ಫುಟ್ಬಾಲು, ಆಮೇಲೆ ಟೈರು. ಹೀಗೆ ಸುತ್ತಿ ಬಳಸಿ ಗೆಳೆತನ ಮತ್ತೆ ಮೊದಲಿನಂತಾಯಿತು. ಆದರೆ ಆ ಒಂದು ಪ್ರಶ್ನೆಯನ್ನು ಕ್ಲೈವ್ ಕೇಳಲಿಲ್ಲ. ಹೆಡ್ಲಿಯೂ ಅವನ ಎದುರಿಗೆ ಮತ್ತೆಂದೂ ಆ ಬಾನೆಟ್ ತೆಗೆಯಲಿಲ್ಲ.

*

ಮಣ್ಣು ಹಾಕಿ ಕೈ ಕೊಡವುತ್ತಿದ್ದಾಗ ಗ್ಲೆನಿಸ್ ಹತ್ತಿರ ಬಂದಳು.

“ಕ್ಲಬ್ಬಿನ ಮುಂದೆ ಎಲ್ಲರ ಕಾರೂ ಸಾಲಾಗಿ ನಿಂತಿದಾವಂತೆ. ನಮ್ದೊಂದೇ ಇಲ್ಲ. ನೀನೇ ತಂದು ನಿಲ್ಸು ಬಾ.”

“ನಾನಾ?”

“ಇನ್ಯಾರು, ಪಾದ್ರಿನಾ?”

ಗ್ಯಾರೇಜಿನಲ್ಲಿ ಕಾರು ಹೊದಿಕೆಯ ಕೆಳಗಿತ್ತು. ತಿಂಗಳಿನಿಂದ ಓಡಿಸದೆ ಇದ್ದುದರಿಂದ ಬ್ಯಾಟರಿಯ ತಂತಿ ಬಿಚ್ಚಿಟ್ಟಿತ್ತು. ಬಾನೆಟ್ ತೆಗೆಯದೆ ದಾರಿಯಿರಲಿಲ್ಲ. ಕ್ಲೈವ್ ಕೊಂಡಿ ಬಿಚ್ಚಿ ಎತ್ತಿದ. ಅಭ್ಯಾಸಬಲದಿಂದ ಮೊದಲು ಅಂಗೈ ಇಟ್ಟ. ತಣ್ಣಗಿತ್ತು. ಕೈ ಅಲ್ಲೇ ಉಳಿಯಿತು.

ಬೆಸುಗೆಯ ಗುರುತಿಲ್ಲ. ಬ್ಲಾಕು, ಹೆಡ್ಡು ಎರಡಕ್ಕೂ ಒಂದೇ ಹಳೆಯ ಹಸಿರು ಬಣ್ಣ. ಬಗ್ಗಿ ಅಚ್ಚಿನ ಅಂಕಿ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ.

“ಇದು ಬೆರಕೆ ಅಲ್ಲ. ಗ್ಲೆನಿಸ್, ಇದು ಮರ್ವಿನ್ ಎಂಜಿನ್ನೇ ಅಲ್ಲ.”

“ಅದರಲ್ಲಿ ಉಳಿದದ್ದು ಅಲ್ಲಿದೆ,” ಎಂದು ಗ್ಲೆನಿಸ್ ಕೆಳಗಿನ ಹಲಗೆ ತೋರಿಸಿದಳು.

ಹಳೆಯ ಪರದೆಯಲ್ಲಿ ಸುತ್ತಿಟ್ಟ ಕಬ್ಬಿಣದ ಹೆಡ್ಡು. ಮುಚ್ಚಿದ ತೂತುಗಳ ಮೇಲೆ ಬೆಸುಗೆ ಗುಳ್ಳೆಗುಳ್ಳೆಯಾಗಿ ಕೂತಿತ್ತು. ನಡುವೆ, ಈ ತುದಿಯಿಂದ ಆ ತುದಿಗೆ, ಕೂದಲೆಳೆಯಂಥ ಬಿರುಕು.

“ಮೊದಲನೇ ಡಿಸೆಂಬರಲ್ಲೇ ಸೀಳ್ತು,” ಎಂದಳು ಗ್ಲೆನಿಸ್. “ಹೆಡ್ಲಿ ಹೇಳಿದ್ದು ಸರಿಯಾಗೇ ಇತ್ತು. ಯಾರಿಗೂ ತಿಳೀದ ಹಾಗೆ ಬೇರೆ ಎಂಜಿನ್ ಕೂರಿಸ್ದ.”

“ಮತ್ತೆ ತಗೊಂಡಿದ್ದು ಯಾಕೆ?”

“ಪಬ್ಬಲ್ಲಿ ಗುರ್ರ್ ಗುಳಕ್ ಅಂತ ಮಾಡಿ ನಗಿಸಿದ್ನಲ್ಲ. ಏಳು ವಾರ ಆದ್ಮೇಲೆ ಮರ್ವಿನ್ ಹೆಂಡತಿ ಅಂಗಡೀಲಿ ಸಿಕ್ಕಿ, ‘ಮರ್ವಿನ್ ಎದ್ದು ಬಟ್ಟೇನೂ ಬದಲಾಯಿಸ್ತಿಲ್ಲ’ ಅಂದ್ಲು. ಇವನು ಅವತ್ತೇ ಹೋಗಿ, ‘ನಾನು ನೋಡಿದ್ದು ತಪ್ಪಾಯ್ತು, ಎಂಜಿನ್ ಚಿನ್ನದಂಥದ್ದು’ ಅಂತ ಹೇಳಿ ತಗೊಂಡ್ಬಂದ.”

“ನನಗೊಂದು ಮಾತು ಹೇಳೋಕೇನಾಗಿತ್ತು? ಮೂವತ್ಮೂರು ವರ್ಷ ಕಣೇ! ಊರೆಲ್ಲ ಅವನನ್ನ ಕಳ್ಳ ಅಂತು, ನನ್ನನ್ನ ಪೆದ್ದ ಅಂತು!”

“ಹೇಳು ಅಂತ ನಾನೂ ಜಗಳ ಆಡಿದೀನಿ. ‘ಕ್ಲೈವ್‌ಗೆ ಹೇಳಿದ್ರೆ ಎರಡು ಪೈಂಟು ಬಿಯರ್ ಇಳಿಯೋಷ್ಟರಲ್ಲಿ ಮರ್ವಿನ್‌ಗೆ ತಲುಪತ್ತೆ’ ಅಂದ.”

ಆಗಿನ ತನ್ನ ಸಡಿಲ ನಾಲಗೆ ಕ್ಲೈವ್‌ಗೆ ನೆನಪಾಯಿತು.

“ಈಗ ಹೇಳ್ತೀನಿ. ಕ್ಲಬ್ಬಲ್ಲಿ ಎಲ್ಲರ ಮುಂದೆ, ಈ ಹೆಡ್ಡು ಮೇಜಿನ ಮೇಲಿಟ್ಟು ಹೇಳ್ತೀನಿ. ಅವನ ಹೆಸರಾದ್ರೂ ಸರಿಯಾಗ್ಲಿ.”

“ಅದು ನಿನ್ನಿಷ್ಟ,” ಎಂದು ಗ್ಲೆನಿಸ್ ಪರದೆಯ ಒಂದು ಮೂಲೆಯನ್ನು ನೀಟಾಗಿ ಮಡಚಿದಳು. “ಹೆಂಡತಿ ಹೋದ್ಮೇಲೆ ಮರ್ವಿನ್ ಭಾನುವಾರ ಬಂದು ಇಲ್ಲೇ ಕೂತ್ಕೋತಿದ್ದ. ಹೆಡ್ಲಿ ಗಾಡಿ ಚಾಲೂ ಮಾಡೋನು. ಮರ್ವಿನ್ ಕಣ್ಮುಚ್ಚಿ ಕೇಳೋನು.”

ಕ್ಲೈವ್ ಆ ಹೆಡ್ಡನ್ನು ಎತ್ತಿ ಪಕ್ಕದ ಸೀಟಿನ ಮೇಲಿಟ್ಟ.

*

ಕ್ಲಬ್ಬಿನ ಸಭಾಂಗಣದಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಹಂದಿಮಾಂಸದ ಪೈ, ಈರುಳ್ಳಿ ಉಪ್ಪಿನಕಾಯಿ. ಯಾರೋ ಪಾದ್ರಿಯ ಮೂಗುದನಿಯನ್ನು ಅನುಕರಿಸುತ್ತಿದ್ದ. ಪಾದ್ರಿಯೇ ಮುಂದೆ ನಿಂತು ನಗುತ್ತಿದ್ದ.

“ಬಂದ ನೋಡ್ರೋ, ಕೊನೆಗೂ ಆ ಕಾರು ಓಡಿಸ್ಕೊಂಡು!” ಎಂದು ಒಬ್ಬ ಕೂಗಿದ. “ಹೆಡ್ಲಿ ಸಾಯೋವರೆಗೂ ಕಾಯ್ಬೇಕಾಯ್ತು!”

“ಎಂಜಿನ್ ಹೆಂಗಿದೆ ಕ್ಲೈವ್?” ಮರ್ವಿನ್ ದನಿ ಬಂದ ಕಡೆಗೆ ಮುಖ ತಿರುಗಿಸಿ ಗಟ್ಟಿಯಾಗಿ ಕೇಳಿದ. ಅವನ ಟೈಗೆ ಸಾಸಿವೆ ಅಂಟಿತ್ತು, ಅವನಿಗೆ ಕಾಣುತ್ತಿರಲಿಲ್ಲ. “ಕೀಲಿ ತಿರುಗಿಸಿದ ಕೂಡ್ಲೆ ಹಿಡೀತೋ ಇಲ್ವೋ? ನಿಜ ಹೇಳು!”

“ಹೇಳ್ತೀನಿ. ಅದನ್ನೇ ಹೇಳೋಕೆ ನಿಂತಿದೀನಿ.”

ಗದ್ದಲ ಇಳಿಯಿತು. ಕ್ಲೈವ್ ಹಾಳೆ ತೆಗೆದ. ಗೀಟುಗಳನ್ನು ನೋಡಿದ. ಕಿಟಕಿಯಾಚೆ ಹಳದಿ ಕಾರು, ಅದರ ಸೀಟಿನ ಮೇಲೆ ಪರದೆಯ ಗಂಟು. ಗ್ಲೆನಿಸ್ ಚಹಾ ಬಗ್ಗಿಸುವುದನ್ನು ನಿಲ್ಲಿಸಿದ್ದಳು. ಮರ್ವಿನ್ ಒಂದು ಮಾತೂ ತಪ್ಪಿಹೋಗದಿರಲೆಂದು ಕಿವಿಯ ಹಿಂದೆ ಕೈಯಿಟ್ಟು, ಕುರ್ಚಿಯ ತುದಿಗೆ ಬಂದು ಕೂತಿದ್ದ.

ಕ್ಲೈವ್ ಹಾಳೆ ಮಡಚಿ ಒಳಗಿಟ್ಟ.

“ಹೆಡ್ಲಿ ನನ್ನ ಹತ್ರ ಸುಳ್ಳು ಹೇಳಿದ್ದು ಒಂದೇ ಸಲ,” ಎಂದ. “ನಿಮಗೆಲ್ಲ ಗೊತ್ತಿರೋದೇ. ಚಿನ್ನದಂಥ ಎಂಜಿನ್ ನೋಡಿ ನನಗೆ ಬೇಡ ಅಂದ, ತಾನು ಹೊಡ್ಕೊಂಡ. ಕಳ್ಳ. ಇವತ್ತು ಮೊದಲನೇ ಸಲ ಬಾನೆಟ್ ತೆಗೆದು ನೋಡಿದೆ. ಅಂಥ ಎಂಜಿನ್‌ಗೋಸ್ಕರ ಯಾರಾದ್ರೂ ಸುಳ್ಳು ಹೇಳ್ತಾರೆ ಕಣ್ರಯ್ಯಾ. ನಾನಾಗಿದ್ರೂ ಹೇಳ್ತಿದ್ದೆ.”

ಸಭಾಂಗಣ ಕುಣಿಯಿತು. ಮೇಜುಗಳನ್ನು ಗುದ್ದಿದರು. “ಕಳ್ಳ ಹೆಡ್ಲಿಗೆ!” ಎಂದು ಗ್ಲಾಸು ಎತ್ತಿದರು. ಗ್ಲೆನಿಸ್ ಕೆಟಲನ್ನು ಕೆಳಗಿಟ್ಟು, ಎರಡೂ ಕೈಯಿಂದ ಮುಖ ಒರೆಸಿಕೊಂಡಳು.

ಮರ್ವಿನ್ ಮಾತ್ರ ಕೂಗಲಿಲ್ಲ. ಪಕ್ಕದವನಿಗೆ, ಆ ದಿನ ಮೊದಲ ಬಾರಿಗೆ ನಿಜಕ್ಕೂ ಮೆಲ್ಲಗೆ, “ಏನಂದ? ಇನ್ನೊಂದ್ಸಲ ಹೇಳು,” ಎಂದ.

ಸಂಜೆ ಅವನನ್ನು ಮನೆಗೆ ಬಿಡುವುದಾಗಿ ಕ್ಲೈವ್ ಹೊರಗೆ ಕರೆತಂದ. ಸೀಟಿನ ಮೇಲಿದ್ದ ಪರದೆಯ ಗಂಟನ್ನು ಗ್ಲೆನಿಸ್ ಆಗಲೇ ತೆಗೆದಿದ್ದಳು. ಅಷ್ಟು ತಗ್ಗಿನ ಕಾರಿಗೆ ಮರ್ವಿನ್ನನನ್ನು ಇಳಿಸಲು ಮೂವರು ಬೇಕಾದರು. ಗಾಡಿ ಹೊರಟ ಮೇಲೆ ಅವನು ಮುಖವನ್ನು ಗಾಳಿಗೆ ಒಡ್ಡಿ ಕೂತಿದ್ದ.

ದೊಡ್ಡ ಬೀದಿಯ ಬಸ್ ನಿಲ್ದಾಣದಲ್ಲಿ ಹತ್ತಾರು ಜನ ನಿಂತಿದ್ದರು. ಮರ್ವಿನ್‌ಗೆ ಅಲ್ಲಿ ನೆರಳುಗಳ ಒಂದು ಸಾಲು ಕಂಡಿರಬೇಕು. ಅವನು ಆ ಕಡೆ ತಿರುಗಿ, ಕೈ ಚಾಚಿ ಬಾನೆಟ್ಟನ್ನು ತೋರಿಸಿದ. ಆಮೇಲೆ ಅದೇ ಬೆರಳಿನಿಂದ ತನ್ನ ಎದೆಯನ್ನು ಎರಡು ಸಲ ತಟ್ಟಿಕೊಂಡ.

ಹಿಂದಿನ ಲಾರಿಯವನು ಹಾರನ್ ಹೊಡೆದ. ಕ್ಲೈವ್ ವೇಗವನ್ನು ಇನ್ನಷ್ಟು ಇಳಿಸಿದ.