ಸೋಮವಾರದ ಬೂದಿ

ಆ ಬೇಸಿಗೆ, ೧೯೭೪ರಲ್ಲಿ, ಬಳ್ಳಾರಿಯ ಪಾರ್ವತಿನಗರದ ಅಂಚಿಗೆ ಹೊಸದಾಗಿ ಎದ್ದ ಗುಡಿಸಲುಗಳಿಗೆ ಮೂರು ಸಲ ಬೆಂಕಿ ಬಿತ್ತು. ಮೂರೂ ಸೋಮವಾರ, ಮೂರೂ ಮಧ್ಯಾಹ್ನ. ಚಾಂದಸಾಬ್ ಸೀಮೆಎಣ್ಣೆ ಗಾಡಿ ತಳ್ಳಿಕೊಂಡು ಬರುತ್ತಿದ್ದುದೂ ಸೋಮವಾರ ಮಧ್ಯಾಹ್ನವೇ. ಓಣಿಗೆ ಅಷ್ಟು ಸಾಕಾಯಿತು.

ಮೂರನೆಯ ಬೆಂಕಿಯಲ್ಲಿ ಮನೆ ಕಳೆದುಕೊಂಡ ಜಂಬಮ್ಮ ಪಕ್ಕದ ಗುರುಬಸಮ್ಮನ ಗುಡಿಸಲಲ್ಲೇ ಇದ್ದಳು. ಓಣಿಯಲ್ಲಿ ಬರೆಯಬಲ್ಲವಳು ಗುರುಬಸಮ್ಮ ಒಬ್ಬಳೇ. ಠಾಣೆಗೆ ಅರ್ಜಿ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

"ಅಕ್ಕಾ, ಅವನ ಹೆಸರು ದಪ್ಪಗ ಬರಿ," ಎಂದಳು ಜಂಬಮ್ಮ.

"ನೀನು ನೋಡೀಯೇನು?"

"ತಿಪ್ಪಿ ಮ್ಯಾಲ ಡಬ್ಬಿಲೆ ಸುರುವೋದು ನೋಡೀನಿ. ಎಣ್ಣಿ ಮಾರಾವ ಅತ್ತರ ಸುರೀತಾನೇನು?"

ಗುರುಬಸಮ್ಮ ಹೆಸರು ಬರೆದಳು, ಸಹಿ ಮಾಡಲಿಲ್ಲ. ಅವಳಿಗೆ ಜ್ವರ ಬಂದಾಗ ಎಣ್ಣೆ ಡಬ್ಬಿಯನ್ನು ಒಲೆಯ ತನಕ ಹೊತ್ತು ತಂದಿಟ್ಟವನು ಅದೇ ಚಾಂದಸಾಬ್. ಆದರೆ ಹೊರೆ ಹೊತ್ತ ಕೈ ಕಡ್ಡಿ ಗೀರುವುದಿಲ್ಲವೆಂದು ಯಾರು ಹೇಳಬೇಕು?

ಮುಂದಿನ ಸೋಮವಾರ, ಶಿವನ ವಾರವೆಂದು ಓಣಿಯ ಎಲ್ಲ ಹೆಂಗಸರಂತೆ, ಗುರುಬಸಮ್ಮ ಎಂದಿನಂತೆ ಒಲೆಯ ಭತ್ತದ ಹೊಟ್ಟಿನ ಬೂದಿಯನ್ನೆಲ್ಲ ಹೊರಗಿನ ತಿಪ್ಪೆಗೆ ಹಾಕಿ, ಸೆಗಣಿಯಿಂದ ಒಲೆ ಸಾರಿಸಿದಳು. ತವರು ದೇಶನೂರಲ್ಲಿ ತಿಪ್ಪೆ ಊರಾಚೆ ಇತ್ತು. ಇಲ್ಲಿ ಜಂಬಮ್ಮನ ಸುಟ್ಟ ಗೋಡೆಗೆ ಒಂದೇ ಮಾರು. ಮಧ್ಯಾಹ್ನ ತಡಿಕೆಯ ಹಿಂದೆ ನಿಂತಳು.

ಗಾಡಿ ಬಂತು. ಚಾಂದಸಾಬ್ ಅತ್ತಿತ್ತ ನೋಡಿ, ಡಬ್ಬಿ ಬಿಚ್ಚಿ, ಅವಳ ತಿಪ್ಪೆಗೆ ಸುರಿದ. ಗುರುಬಸಮ್ಮ ಓಡಿಹೋಗಿ ಡಬ್ಬಿ ಕಸಿದಳು. ಎಣ್ಣೆಯ ವಾಸನೆ ಇರಲಿಲ್ಲ. ಬೂದಿ ಚುಂಯ್ ಎಂದಿತು, ಹಬೆ ಎದ್ದಿತು.

"ನೀರ್ರಿ, ಅಮ್ಮಾ. ಹೊಟ್ಟಿನ ಬೂದಿ ಮ್ಯಾಲ ಬೆಳ್ಳಗ, ಒಳಗ ಕೆಂಡ. ಗಾಳಿ ಎದ್ರ ಮುಗೀತು."

"ಹೇಳಬಾರದಿತ್ತೇನು?"

"ಸೋಮವಾರ ಒಲಿ ಸಾರಿಸಬ್ಯಾಡ್ರಿ ಅಂತ ನಾ ಹೆಂಗ ಹೇಳ್ಲಿ? ಅದೂ ಎಣ್ಣಿ ಮಾರಾವ." ಅವನು ತಲೆ ತಗ್ಗಿಸಿದ. "ಹೋದ ವಾರ ಇಲ್ಲಿಗೆ ಬರೂದ್ರಾಗ ನೀರು ತೀರಿತ್ತು."

ಅವಳು ಒಳಗೆ ಬಂದು ಅರ್ಜಿಯಲ್ಲಿನ ಹೆಸರು ಹೊಡೆದುಹಾಕಿದಳು.

"ಯಾಕಕ್ಕಾ? ಮತ್ಯಾರ ಹೆಸರು ಬರೀತಿ?"

"ನಿನ್ನ ಮನಿ ಸುಟ್ಟದ್ದು ನನ್ನ ಬೂದಿ, ಜಂಬೂ."

ಜಂಬಮ್ಮ ಎದ್ದು, ಕೊಡ ಎತ್ತಿಕೊಂಡು ಹೋಗಿ, ತಿಪ್ಪೆಯ ಇನ್ನೂ ನೆನೆಯದ ಬದಿಗೆ ನೀರು ಸುರಿದಳು.