ಬಿಚ್ಚುವ ಸುತ್ತು ಮೊದಲು

ಗುಬ್ಬಿಯ ನಾಲ್ವರು ಹುಡುಗಿಯರು ಬಸ್ಸಿಳಿದು ಬಂದು, ನಮ್ಮ ಕ್ಯಾಂಪಸ್ಸಿನ ಹೊಂಗೆಮರದ ಕೆಳಗೆ ಕೋಲು ಹಿಡಿದು ನಿಂತರು. ನಾಲ್ವರೂ ಎಡಗೈಯಲ್ಲಿ ಹಿಡಿದಿದ್ದರು.

"ಎಡಗೈ ಯಾಕೆ?" ಅಂದೆ.

"ರಂಗಣ್ಣ ಎಡಚ ಅಲ್ವಾ ಅಕ್ಕ?" ಅಂದಳು ಅವರಲ್ಲಿ ಮುಂದಿದ್ದ ಪೂಜಾ. "ಮೊದ್ಲು ಭಾರಿ ಕಷ್ಟ ಆಯ್ತು. ಈಗ ಮುದ್ದೇನೂ ಎಡಗೈಲೇ ಮುರಿಯೋಣ ಅನ್ಸುತ್ತೆ."

ನಮಗೆ ಜಡೆ ಕೋಲಾಟ ಕಲಿಸಿದ, ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯ ರಂಗಣ್ಣ ಎಡಚರಲ್ಲ. ಮಧ್ಯಾಹ್ನವೇ ಯುವಜನೋತ್ಸವಕ್ಕೆ ತಂಡದ ಆಯ್ಕೆ.

ಜಡೆ ಕೋಲಾಟ ಅಂದರೆ ಇಷ್ಟೆ. ಮೇಲಿನಿಂದ ಎಂಟು ಬಣ್ಣದ ಹಗ್ಗ ಇಳಿಬಿಟ್ಟಿರುತ್ತಾರೆ. ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದರಲ್ಲಿ ಕೋಲು. ನಾಲ್ವರು ಪ್ರದಕ್ಷಿಣೆಯಾಗಿ ಬಲಸುತ್ತು ಬರುತ್ತಾರೆ, ನಾಲ್ವರು ಎದುರಿನಿಂದ ಎಡಸುತ್ತು. ಎದುರಾದವರ ಕೋಲಿಗೆ ಕೋಲು ತಾಗಿಸುತ್ತಾ ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟಿದರೆ ಮೇಲೆ ಹಗ್ಗ ತಾನಾಗಿ ಜಡೆಯಾಗುತ್ತದೆ. ಆಮೇಲೆ ಎಲ್ಲರೂ ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ಸುತ್ತಿ ಅದನ್ನು ಬಿಚ್ಚಬೇಕು. "ಆಡಿ ಹೆಣೆದಿದ್ದನ್ನ ಆಡೇ ಬಿಚ್ಬೇಕು. ಕೈ ಹಾಕಿ ಬಿಚ್ಚೋರು ಕೋಲು ಮುಟ್ಬ್ಯಾಡಿ," ಎಂದು ರಂಗಣ್ಣ ಮೊದಲ ಭಾನುವಾರವೇ ಹೇಳಿಬಿಟ್ಟಿದ್ದರು.

ನನ್ನ ಎಂ.ಎ. ಕಿರುಪ್ರಬಂಧ ಇದರ ಮೇಲೆಯೇ. ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಮೊದಲ ಅಧ್ಯಾಯ ಬರೆದುಕೊಟ್ಟಾಗ ಮಾರ್ಗದರ್ಶಕಿ ಸರ್ವಮಂಗಳ ಮೇಡಂ ಕೇಳಿದ್ದು ಒಂದೇ ಮಾತು: "ಅನುಪಮಾ, ನೀನು ಯಾವತ್ತಾದ್ರೂ ಕೋಲು ಹಿಡಿದಿದೀಯಾ?" ಇಲ್ಲ ಅಂದೆ. "ಆಡ್ಕೊಂಡು ಬಾ. ಆಮೇಲೆ ಎರಡನೇ ಅಧ್ಯಾಯ ಓದ್ತೀನಿ."

ಹಾಗೆ ಹುಟ್ಟಿದ ತಂಡ ಇದು. ಹುಲಿಯೂರುದುರ್ಗದ ನಮ್ಮ ಮನೆಯಲ್ಲಿ ನಾನು ಕುಣಿಯುತ್ತೇನೆಂದರೆ ಯಾರೂ ನಂಬಲಿಲ್ಲ. ಆದರೆ ಮುಂದಾಳು ನಾನೇ. ಪದ ಎತ್ತಿಕೊಡುವವಳು, ಮೊದಲ ಹೆಜ್ಜೆ ಇಡುವವಳು. ಆ ಜಾಗ ನನಗೆ ಎಷ್ಟು ಹಿಡಿಸಿತ್ತೆಂದರೆ, ಹಾಸ್ಟೆಲಿನ ಬಚ್ಚಲಲ್ಲೂ ಪದ ಎತ್ತುತ್ತಿದ್ದೆ.

ವಿಶ್ವವಿದ್ಯಾಲಯದಲ್ಲಿ ನಾಲ್ವರೇ ಸಿಕ್ಕಿದ್ದೆವು. ಉಳಿದ ನಾಲ್ವರಿಗಾಗಿ ಗುಬ್ಬಿಯ ಡಿಗ್ರಿ ಹುಡುಗಿಯರನ್ನು ಸೇರಿಸಿಕೊಂಡೆವು. ಬಲಸುತ್ತು ನಮಗೆ, ಎಡಸುತ್ತು ಅವರಿಗೆ. ಗುಬ್ಬಿ ಏನು ಮಹಾ ದೂರ? ಒಂದು ಪೊಟ್ಟಣ ಕಡಲೆಕಾಯಿ ಮುಗಿಯುವಷ್ಟರಲ್ಲಿ ಬಸ್ಸು ಮುಟ್ಟುತ್ತದೆ. ಆದರೂ ಅಭ್ಯಾಸಕ್ಕೆ ಅವರೇ ಇಲ್ಲಿಗೆ ಬರಲಿ ಎಂದೆ ನಾನು. ಬೇಕಾದವರು ಬರಲಿ ಎಂದಳು ಪೂಜಾ. ಕೊನೆಗೆ ಬಟವಾಡಿಯ ಶಿಲ್ಪಾ, ನನ್ನ ಸಹಪಾಠಿ, ರಂಗಣ್ಣ ಕುಣಿದು ತೋರಿಸಿದ ಎಡಸುತ್ತನ್ನೆಲ್ಲ ವಿಡಿಯೊ ಮಾಡಿ ಅವರಿಗೆ ಕಳಿಸಿದಳು.

ಹೊಂಗೆಮರಕ್ಕೆ ಹಗ್ಗ ಕಟ್ಟಿ ಪದ ಎತ್ತಿದೆ. ಎಂಟೂ ಜನ ಒಂದೇ ದಿಕ್ಕಿಗೆ ಹೊರಟೆವು, ಗಾಣದೆತ್ತುಗಳ ಹಾಗೆ, ಒಬ್ಬರ ಬೆನ್ನ ಹಿಂದೆ ಒಬ್ಬರು. ಎದುರು ಯಾರೂ ಬರಲಿಲ್ಲ. ಕೋಲು ಹೊಡೆಯಲು ಗಾಳಿಯೇ ಗತಿ. ಮೇಲೆ ಹಗ್ಗ ಬಾವಿಹಗ್ಗದಂತೆ ಹುರಿಗೊಂಡಿತು.

"ವಿಡಿಯೊ ತೋರ್ಸು," ಅಂದೆ. ಪೂಜಾ ತೋರಿಸಿದಳು. ರಂಗಣ್ಣನ ಬೆನ್ನ ಹಿಂದಿದ್ದ ಶಾಲೆ ಗೋಡೆಯ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದವು. ಅದಕ್ಕೇ ಅವರ ಬಲಗೈ ಎಡಗೈಯಾಗಿ, ಎಡಸುತ್ತು ಬಲಸುತ್ತಾಗಿ ಕಂಡಿತ್ತು.

"ಶಿಲ್ಪಾ, ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ್ಯೇನೇ?"

"ಹಿಂದಿನ ಕ್ಯಾಮೆರಾ ಒಡೆದೋಗಿತ್ತು ಕಣೇ. ಇದ್ರಲ್ಲಿ ಹಿಂಗಾಗುತ್ತೆ ಅಂತ ನಂಗೇನ್ ಗೊತ್ತು?"

ನಾನು ಗುಬ್ಬಿಯವರ ಕಡೆ ತಿರುಗಿದೆ. "ಸರಿ, ಒಂದು ಉಪಾಯ ಇದೆ. ಜಡೆ ಬಿಚ್ಚೋಕೆ ಉಲ್ಟಾ ಸುತ್ತು ಎಲ್ರಿಗೂ ಬರುತ್ತಲ್ಲ? ನೀವು ಅದನ್ನೇ ಮೊದ್ಲು ಮಾಡಿ. ಬಿಚ್ಚೋ ಸುತ್ತಲ್ಲಿ ಹೆಣೀರಿ, ಹೆಣೆಯೋ ಸುತ್ತಲ್ಲಿ ಬಿಚ್ಚಿ."

"ನಾವ್ಯಾಕೆ ತಿರುಗ್ಬೇಕು? ಫೋನ್ ನಿಮ್ದು. ನೀವೇ ತಿರುಗಿ," ಅಂದಳು ಪೂಜಾ. "ಎಡಗೈಲಿ ಕಲ್ತಿದ್ದೇ ದೊಡ್ಡ ಕಥೆ."

"ಮುಂದಾಳು ನಾನು."

"ಆಗ್ರಕ್ಕ, ಯಾರ್ ಬ್ಯಾಡ ಅಂದ್ರು?"

ಅಷ್ಟರಲ್ಲಿ ಸರ್ವಮಂಗಳ ಮೇಡಂ ಬಂದರು. ಇಬ್ಬರ ಮಾತನ್ನೂ ಕೇಳಿ ನನ್ನನ್ನೇ ನೋಡಿದರು. "ತಪ್ಪು ಯಾರ ಫೋನಿಂದು?"

"ನಮ್ದು ಮೇಡಂ."

"ಹಾಗಾದ್ರೆ ತಿರುಗೋರು ನೀವು. ನಿಮ್ಮದು ಎಡಸುತ್ತು, ಅವರದು ಬಲಸುತ್ತು. ಬಲಸುತ್ತು ಬರೋರಲ್ಲೇ ಮುಂದಾಳು ಇರ್ಬೇಕು ಅಂತ ಮೊದಲನೇ ಅಧ್ಯಾಯದಲ್ಲಿ ಪುಟಗಟ್ಟಲೆ ಬರ್ದಿದೀಯಲ್ಲ? ನಾನು ಓದಿದೀನಮ್ಮ."

ಶಿಲ್ಪಾ ಕಿಸಕ್ಕನೆ ನಕ್ಕಳು. ನಾನೇ ಬರೆದದ್ದು ನನ್ನನ್ನೇ ಕೆಳಗಿಳಿಸಿತ್ತು. ವಾದಿಸಲು ಸಮಯವೂ ಇರಲಿಲ್ಲ.

ಪೂಜಾ ಪದ ಎತ್ತಿದಳು. ಅವಳ ದನಿ ನನ್ನದಕ್ಕಿಂತ ಒರಟು, ದೂರಕ್ಕೆ ಕೇಳುವಂಥದ್ದು. ಮೊದಲ ಸಲ ಡಿಕ್ಕಿ. ಎರಡನೇ ಸಲ ಶಿಲ್ಪಾಳ ಕಿವಿಗೆ ಕೋಲು. ಮೂರನೇ ಸಲ ನನ್ನ ಬಲಗೈ ಕೋಲು ಅವಳ ಎಡಗೈ ಕೋಲಿಗೆ ಟಣ್ಣೆಂದು ತಾಗಿತು. ಮೇಲೆ ಕೆಂಪು ಹಸಿರನ್ನು ದಾಟಿ ಕೂತಿತು. "ಏಯ್, ಹೆಣೀತಾ ಇದೆ ಕಣ್ರೇ!" ಎಂದು ಯಾರೋ ಕಿರುಚಿದರು. ನಾನೇ ಇರಬೇಕು.

ಮಧ್ಯಾಹ್ನ ಸಭಾಂಗಣ ತುಂಬಿತ್ತು. ಆಯ್ಕೆಗಾರರು ಎದುರಿಗೆ, ಸಮಯ ಮುಗಿದರೆ ಹೊಡೆಯುವ ಗಂಟೆ ಅವರ ಕೈಯಲ್ಲಿ. ಪೂಜಾ ಎತ್ತಿದಳು, ನಾವು ಹಿಡಿದೆವು. ಎದೆ ಹೊಡೆದುಕೊಳ್ಳುವುದೂ ಕೋಲಿನ ಲೆಕ್ಕಕ್ಕೇ ಸೇರಿಹೋಯಿತು. ಜಡೆ ಬಿಗಿಯಾಗಿ ಇಳಿಯಿತು. ಜನ ಶಿಳ್ಳೆ ಹಾಕಿದರು.

ಬಿಚ್ಚಲು ತಿರುಗಿದೆವು. ಈಗ ಬಲಸುತ್ತು ನಮ್ಮದು, ಎಷ್ಟೋ ಭಾನುವಾರ ಕುಣಿದ ದಾರಿ. ಕಾಲಿಗೆ ಅದು ಸಿಕ್ಕಿದ್ದೇ ತಡ, ಬಾಯಿ ತಾನಾಗಿ ತೆರೆಯಿತು. ಪೂಜಾ ಬಿಚ್ಚುವ ಪದ ಎತ್ತುವ ಮೊದಲೇ ನಾನು ಹೆಣೆಯುವ ಪದ ಎತ್ತಿಬಿಟ್ಟೆ. ಪದದ ಹಿಂದೆ ಹೆಜ್ಜೆಯೂ ಹೋಯಿತು. ಹೊರಗಿನಿಂದ ಹೋಗಬೇಕಾದಲ್ಲಿ ಒಳಗೆ ನುಗ್ಗಿದೆ. ಹಗ್ಗ ಸಿಕ್ಕಿಕೊಂಡು ನಿಂತಿತು.

ಪೂಜಾ ಕೋಲಿನಿಂದ ನನ್ನ ಮಣಿಕಟ್ಟಿಗೆ ಒಂದು ಬಿಟ್ಟಳು. "ಬಾಯ್ ಮುಚ್ಚಿ ಅಕ್ಕ! ಹಿಂದಕ್ಕೆ ಬನ್ನಿ. ಹೊರಗಿಂದ, ಹೊರಗಿಂದ!"

ಬಾಯಿ ಮುಚ್ಚಿದೆ. ಹಿಂದೆ ಬಂದು ಹೊರಗಿನಿಂದ ದಾಟಿದೆ. ಹಗ್ಗ ಸಡಿಲವಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆಯ್ಕೆಗಾರರೊಬ್ಬರು ಕೈ ಎತ್ತಿ ಸಾಕೆಂದರು. ಪೂಜಾ ಅವರ ಕಡೆ ನೋಡಲೇ ಇಲ್ಲ. ದನಿ ಇನ್ನೂ ಎತ್ತರಿಸಿದಳು. ಅವಳು ನಿಲ್ಲದೆ ನಾವು ನಿಲ್ಲುವುದು ಹೇಗೆ? ಎರಡನೇ ಗಂಟೆಯೂ ಹೊಡೆಯಿತು. ಕೋಲಿನ ಸದ್ದಿನಲ್ಲಿ ಅದು ಸರಿಯಾಗಿ ಕೇಳಲೂ ಇಲ್ಲ. ಕೊನೆಯ ಸುತ್ತಿಗೆ ಎಂಟು ಹಗ್ಗವೂ ಬೇರೆಬೇರೆಯಾಗಿ ನೇರ ನಿಂತವು. ಸಭಾಂಗಣ ಎದ್ದು ಕೂಗಿತು.

ಕೈ ಎತ್ತಿದ್ದವರೇ ಕೇಳಿದರು: "ಸಮಯ ಮೀರಿದ್ದಕ್ಕೆ ಅಂಕ ಹೋಗುತ್ತೆ. ಅದಿರ್ಲಿ. ಎಡಗೈಯವರನ್ನ ಬಲಗೈಯವರ ಎದುರು ನಿಲ್ಲಿಸಿದೀರಲ್ಲ, ಇದು ಯಾವ ಕಡೆ ಪದ್ಧತಿ?"

"ಕುಣಿಗಲ್ ಕಡೇದು ಅಂತ ಬುರುಡೆ ಬಿಡ್ಬೇಡ," ಎಂದು ಮೇಡಂ ಹಿಂದಿನಿಂದ ಪಿಸುಗುಟ್ಟಿದರು.

"ಪದ್ಧತಿ ಅಲ್ಲ ಸರ್, ಫೋನಿನ ತಪ್ಪು," ಅಂದೆ. ಅವರು ನಕ್ಕು ಬರೆದುಕೊಂಡರು.

ಸಂಜೆ ಆಯ್ಕೆಯಾದವರ ಹೆಸರು ಕೂಗಿದಾಗ ನಮ್ಮ ತಂಡವೂ ಇತ್ತು. ಶಿಲ್ಪಾ ನನ್ನನ್ನು ಎತ್ತಿಕೊಳ್ಳಲು ಹೋಗಿ ಇಬ್ಬರೂ ಬಿದ್ದೆವು. ಪಟ್ಟಿಯಲ್ಲಿ ಮುಂದಾಳು: ಪೂಜಾ. ಬದಲಾಯಿಸುವಂತಿಲ್ಲ. ನನಗೆ ಉರಿಯಿತು, ನಿಜ. ಆದರೂ ನಗು ನಿಲ್ಲಲಿಲ್ಲ.

ರಂಗಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನನ್ನ ಎಡಚ ಅಂದವಾ ಆ ಹೆಣ್ಮಕ್ಳು?" ಎಂದು ಬಹಳ ಹೊತ್ತು ನಕ್ಕರು. "ಬುಡವ್ವ. ಜಡೆ ಬಿಚ್ಕಂತಾ?"

"ಪೂರ್ತಿ."

"ಕೈ ಹಾಕ್ಲಿಲ್ಲ ತಾನೆ?"

"ಇಲ್ಲ."

"ಮತ್ತಿನ್ನೇನು. ಕೋಲಿಗೆ ಎಣ್ಣೆ ಸವರಿ ಇಡಿ."

ಗುಬ್ಬಿ ಬಸ್ಸು ಹತ್ತುವ ಮೊದಲು ಪೂಜಾ ಬಾಗಿಲಿಗೆ ಕೈಯಿಟ್ಟು ನಿಂತಳು. "ಅಭ್ಯಾಸ ಎಲ್ಲಿ ಅಕ್ಕ?"

ಮುಂದಾಳು ಎಲ್ಲಿದ್ದರೆ ಅಲ್ಲಿ. ಇದನ್ನೂ ಮೊದಲ ಅಧ್ಯಾಯದಲ್ಲೇ ಬರೆದಿದ್ದೆ.

"ಭಾನುವಾರ ನಾವೇ ಬರ್ತೀವಿ," ಅಂದೆ. "ಕಡಲೆಕಾಯಿ ತಂದಿಟ್ಟಿರು."