ಸತ್ತವನ ಓಗೊಡುವಿಕೆ

ಹಸಿ ಬಿದಿರಿಗೆ ತೆಂಗಿನ ಹುರಿ ಬಿಗಿಯುತ್ತಿದ್ದ ಭಾನುಪ್ರಕಾಶ್, ಚಿತ್ರಾಳನ್ನು ಕಂಡು ಪಕ್ಕಕ್ಕೆ ಸರಿದ. ಕಾರ್ತಿಕದ ವಾಯುಭಾರ ಕುಸಿತಕ್ಕೆ ಭೀಮುನಿಪಟ್ಟಣದ ದೋಣಿಗಳು ಮೂರು ದಿನದಿಂದ ಕಡಲಿಗಿಳಿದಿರಲಿಲ್ಲ. ಬಲೆ ಹೆಣೆಯುವ ಕೈಗಳೇ ಈಗ ಚಟ್ಟ ಕಟ್ಟುತ್ತಿದ್ದವು.

ಒಳಗೆ ಮಹಾಬಲೇಶ್ವರರನ್ನು ಮಲಗಿಸಿದ್ದರು. ನಲವತ್ತು ವರ್ಷದ ಹಿಂದೆ ಕುಮಟಾದಿಂದ ಬಂದು, ತೆಲುಗು ಪದ್ಯನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತ ಇಲ್ಲಿಯವರೇ ಆದವರು. ಊರಿಗೆಲ್ಲ ಮಾಸ್ಟಾರು. ಚಿತ್ರಾ ಪಾದ ಮುಟ್ಟಿದಳು. ಮುಟ್ಟುವಾಗಲೂ ತಲೆಯಲ್ಲಿದ್ದದ್ದು ಭಾನುವಾರದ ನಾಟಕ, ಅದರಲ್ಲಿ ರಾಗವಿಲ್ಲದೆ ಉಳಿದ ನಾಲ್ಕು ಸಾಲು. ನಾಚಿಕೆಯಾಗಿ ಕೈ ಹಿಂದೆಗೆದಳು.

"ನಿನ್ನೆ ಊಟಕ್ಕೆ ಕೂತಾಗಲೂ ನಿನ್ನ ಹಾಡೇ ಗುನುಗ್ತಿದ್ದರಮ್ಮಾ," ಎಂದರು ಅವರ ಹೆಂಡತಿ ಕನಕಲಕ್ಷ್ಮಿ. "ಮಧ್ಯದಲ್ಲಿ ನಿಲ್ಲಿಸಿದರು. ಮುಂದಿನ ಸಾಲು ಬರುತ್ತೆ ಕದಾ ಅಂತ ನಾನು ಸೌಟು ಹಿಡಿದು ನಿಂತೇ ಇದ್ದೆ."

*

ಹಳೆಯ ಅಣಕು ಕಾವ್ಯವೊಂದನ್ನು ಚಿತ್ರಾ ಹಾಡುನಾಟಕ ಮಾಡಿದ್ದಳು. ಹಗಲು ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ, ಸಂಜೆ ಗಿಟಾರು, ಡ್ರಮ್ಮುಗಳ ತಂಡ; ಹಾಡುಗಳಿಗೆ ರಾಗ ಕಟ್ಟಿಕೊಡುತ್ತಿದ್ದವರು ಮಹಾಬಲೇಶ್ವರ. ಮೊದಲ ಪ್ರಯೋಗ ಈ ಭಾನುವಾರ ವಿಜಯವಾಡದಲ್ಲಿ. ಕತೆ ಒಬ್ಬ ಜಿಪುಣನದು. ಈ ಕಡೆಯ ಪದ್ಧತಿಯಂತೆ ಹೆಣವನ್ನು ಅರ್ಧ ದಾರಿಯಲ್ಲಿ ಇಳಿಸಿ, ಜೀವ ಉಳಿದಿದ್ದರೆ ಏಳಲೆಂದು ಕಿವಿಯಲ್ಲಿ ಮೂರು ಸಲ ಹೆಸರು ಕರೆಯುತ್ತಾರೆ. ಜಿಪುಣನ ನೆಂಟರು, ಎಲ್ಲಿ ಎದ್ದುಬಿಡುತ್ತಾನೋ ಎಂದು ಪಿಸುದನಿಯಲ್ಲಿ ಕರೆಯುತ್ತಾರೆ. ಅವನು ಓಗೊಡುತ್ತಾನೆ.

"ಆ ಓಗೊಡೂ ಸಾಲಿಗೇ ರಾಗ ಕೂಡೂದಿಲ್ಲ ತಂಗಿ," ಎಂದಿದ್ದರು ಮಹಾಬಲೇಶ್ವರ. "ನಗಿಸೂ ರಾಗ ಹತ್ತು ಇದ್ದೊ. ಸತ್ತವ ಹಂಗೆ ಹಾಡೂದಿಲ್ಲ."

"ಸತ್ತವರ ಹಾಡು ನೀವೆಲ್ಲಿ ಕೇಳಿದ್ರಿ?"

"ಕೇಳಲಿಲ್ಲ. ಅದ್ಕೇ ತಡ." ಅವರು ನಗಲಿಲ್ಲ. "ಭಾನುವಾರದೊಳಗೆ ಕೊಡ್ತೆ. ನಿನ್ನ ಬಾಕಿ ಇಟ್ಕಂಡು ಹೋಗೂದಿಲ್ಲ."

*

ಚಟ್ಟ ಎತ್ತುವ ಹೊತ್ತಿಗೆ ಕನಕಲಕ್ಷ್ಮಿ ಚಿತ್ರಾಳ ಮಣಿಕಟ್ಟು ಹಿಡಿದರು. "ದಾರಿಯಲ್ಲಿ ನೀನು ಕರೀಬೇಕು."

"ಹೆಂಗಸರು ಅಲ್ಲಿಗೆ ಬರಲ್ಲ ಅತ್ತಯ್ಯ," ಎಂದ ಭಾನುಪ್ರಕಾಶ್, ಕನಕಲಕ್ಷ್ಮಿಯವರ ಅಣ್ಣನ ಮಗ.

"ನೀನು ಮಾವಯ್ಯ ಅಂತೀಯ. ಊರು ಮಾಸ್ಟಾರು ಅನ್ನುತ್ತೆ. ನಾನು ಏಮಂಡೀ, ಏನ್ರೀ ಅಂತಲೇ ಬದುಕಿದೆ. ಹೆಸರು ಯಾರು ಕರೀತಾರೆ?" ಅವರು ಚಿತ್ರಾಳ ಕಡೆ ತಿರುಗಿದರು. "ಜ್ವರ ಬಂದರೆ ಅವರ ಬಾಯಲ್ಲಿ ಕನ್ನಡವೇ. ಅವರಮ್ಮ 'ಮಾಬ್ಲಾ' ಅಂತಿದ್ದರಂತೆ. ಇಲ್ಲಿ ಕನ್ನಡದವಳು ನೀನೊಬ್ಬಳೇ, ಹಂಗೆ ಕರಿ. ತಿಳಿಯುತ್ತೆ."

ಸರುವೆ ತೋಪಿನ ಬಳಿ ಇಳಿಸಿದರು. ಡಪ್ಪಿನ ಬಡಿತ ನಿಂತಿತು. ಗಾಳಿಯೂ ನಿಂತಿತು. ಚಿತ್ರಾ ಮರಳಲ್ಲಿ ಮಂಡಿಯೂರಿ, ಹತ್ತಿ ತುರುಕಿದ್ದ ಕಿವಿಯ ಹತ್ತಿರ ಬಾಗಿದಳು.

"ಮಾಬ್ಲಾ."

ಮೊದಲ ಸಲ ದನಿ ಬರೀ ಪಿಸುದನಿಯಾಗಿತ್ತು. ಎರಡನೆಯ ಸಲ ಬಿರಿಯಿತು. ಮೂರನೆಯ ಸಲ, ಏಳಲಿ ಎಂದೋ ಏಳದಿರಲಿ ಎಂದೋ ತನಗೇ ತಿಳಿಯದೆ ಕರೆದಾಗ, ದನಿ ಮೇಲಕ್ಕೇರಿ ಅಲ್ಲಿಂದ ತಾನಾಗಿ ಇಳಿಯತೊಡಗಿತು. ಅವಳು ಬಾಯಿ ಮುಚ್ಚಿದ ಮೇಲೂ ಇನ್ನೆರಡು ಸ್ವರ ಇಳಿಯಿತು.

ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆ ಕೊನೇ ಸ್ವರಾನೂ ನೀವೇ ಅಲ್ವಾ, ಮೇಡಂ?" ಭಾನುಪ್ರಕಾಶ್ ಮೆಲ್ಲಗೆ ಕೇಳಿದ.

"ಹ್ಞೂಂ," ಎಂದಳು ಚಿತ್ರಾ.

ಚಟ್ಟ ಮೇಲೆದ್ದು ಮುಂದೆ ಸಾಗಿತು. ಅವಳು ಬಾಗಿದಂತೆಯೇ ಕೂತಿದ್ದಳು. ಅವಳಿಗೆ ಹಾರ್ಮೋನಿಯಂ ನುಡಿಸಲು ಬರುತ್ತಿರಲಿಲ್ಲ. ಆದರೂ ಬಲಗೈ ಬೆರಳುಗಳು ಒದ್ದೆ ಮರಳನ್ನು ಒಂದಾದ ಮೇಲೊಂದು, ತಡವರಿಸದೆ ಒತ್ತುತ್ತ ಹೋದವು. ನಾಲ್ಕು ಸಾಲು ಮುಗಿದ ಮೇಲೆಯೇ ನಿಂತವು.